ಕಂಡ ಕಳ್ಳ, ಕಾಣದ ಕಳ್ಳ: ವೈರಸ್ ಪತ್ತೆಯ ಇತಿಹಾಸ



ಒಂದು ಕಾಲಕ್ಕೆ ಸುಳ್ಳದಿಂದ ಬಸ್ಸು ಹತ್ತಿ ಹುಬ್ಬಳ್ಳಿಯ ಕಾಲೇಜಿಗೆ ಬರುವ ಹುಡುಗರ ಜೇಬಿನಲ್ಲಿ ಪೆನ್‌ಡ್ರೈವ್ ಇದ್ದೇ ಇರುತ್ತಿತ್ತು. ಸೈಬರ್ ಕೆಫೆಯಲ್ಲಿ ಪ್ರಾಜೆಕ್ಟ್ ವರದಿಯ ಪ್ರಿಂಟ್ ತೆಗೆಸಿ ಮರಳುವಾಗ ಅದರ ಜೊತೆ ವೈರಸ್ಸೂ ಊರು ಸೇರುತ್ತಿತ್ತು. "ಆಂಟಿವೈರಸ್ ಹಾಕಿಸಿದ್ದೆವಲ್ಲ, ಅದೇಕೆ ಹಿಡಿಯಲಿಲ್ಲ?" ಎಂದು ನೀವೂ ಕೇಳಿರಬಹುದು. ಇದಕ್ಕೆ ಉತ್ತರ ಇತಿಹಾಸದಲ್ಲಿದೆ.

1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ 'ಬ್ರೇನ್' ವೈರಸ್ ಫ್ಲಾಪಿಗಳ ಮೂಲಕ ದೇಶದೇಶ ತಿರುಗಿತು. ಆಗ ವೈರಸ್ಸುಗಳು ಬೆರಳೆಣಿಕೆಯಷ್ಟೇ ಇದ್ದವು. ಪ್ರತಿಯೊಂದರ ಗುರುತನ್ನು, ಅಂದರೆ ಅದರೊಳಗಿನ ಸಂಕೇತಗಳ ಒಂದು ಸಾಲನ್ನು, ಬರೆದಿಟ್ಟುಕೊಂಡು ಫೈಲುಗಳಲ್ಲಿ ಹುಡುಕಿದರೆ ಸಾಕಾಗುತ್ತಿತ್ತು. ಠಾಣೆಯ ಫಲಕದಲ್ಲಿ ಹಳೆಯ ಕಳ್ಳರ ಫೋಟೊ ಅಂಟಿಸಿದ ಹಾಗೆ. ಫೋಟೊದಲ್ಲಿದ್ದವನು ಸಿಕ್ಕಿಬೀಳುತ್ತಾನೆ, ಹೊಸ ಕಳ್ಳ ನಮಸ್ಕಾರ ಹೇಳಿಯೇ ಒಳಗೆ ಹೋಗುತ್ತಾನೆ!

ನಮಗೆ ಹತ್ತಿರದ ಪುಣೆಯಲ್ಲೂ ಈ ಕಥೆಯ ಒಂದು ಅಧ್ಯಾಯವಿದೆ. ಕ್ಯಾಲ್ಕುಲೇಟರ್ ದುರಸ್ತಿಯಿಂದ ಬದುಕು ಆರಂಭಿಸಿದ ಕೈಲಾಸ್ ಕಾಟ್ಕರ್ ಅವರ ಅಂಗಡಿಗೆ 1990ರ ದಶಕದಲ್ಲಿ ವೈರಸ್ ತಗುಲಿದ ಕಂಪ್ಯೂಟರುಗಳು ಬರತೊಡಗಿದವು. ಕಂಪ್ಯೂಟರ್ ಓದುತ್ತಿದ್ದ ತಮ್ಮ ಸಂಜಯ್ ಅವುಗಳಿಗೆ ಮದ್ದು ಬರೆದರು. ಅದೇ ಮುಂದೆ 'ಕ್ವಿಕ್ ಹೀಲ್' ಆಯಿತು.

ಆದರೆ ಕಾಣದ ಕಳ್ಳನನ್ನು ಹಿಡಿಯುವುದು ಹೇಗೆ? 1980ರ ದಶಕದಲ್ಲೇ ಅಮೆರಿಕದ ಫ್ರೆಡ್ ಕೋಹೆನ್, ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸುವ ಪ್ರೋಗ್ರಾಂ ಅಸಾಧ್ಯವೆಂದು ತರ್ಕಬದ್ಧವಾಗಿ ತೋರಿಸಿದ್ದರು. ಹೀಗಾಗಿ ಮುಖ ನೋಡುವುದರ ಜೊತೆಗೆ ನಡತೆಯನ್ನೂ ನೋಡುವ ವಿಧಾನ ಬೆಳೆಯಿತು. ಇದಕ್ಕೆ 'ಹ್ಯೂರಿಸ್ಟಿಕ್' ಎನ್ನುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಇದನ್ನು ಅಳೆಯುವ ರೀತಿ ನಿಮಗೆ ಸುಲಭವಾಗಿ ತಿಳಿಯುತ್ತದೆ. ಗೈಡಿನಲ್ಲಿರುವ ಪ್ರಶ್ನೆಗಳನ್ನೇ ಪರೀಕ್ಷೆಯಲ್ಲಿ ಕೇಳಿದರೆ ಯಾರಿಗೆ ತಾನೆ ಅಂಕ ಬರುವುದಿಲ್ಲ? ಆಸ್ಟ್ರಿಯಾದ 'ಎವಿ-ಕಂಪ್ಯಾರಟಿವ್ಸ್' ಸಂಸ್ಥೆ 2000ರ ದಶಕದಲ್ಲಿ ಬೇರೊಂದು ಪರೀಕ್ಷೆಯನ್ನೂ ನಡೆಸಿತು. ಆಂಟಿವೈರಸ್‌ಗಳ ಅಪ್‌ಡೇಟನ್ನು ಒಂದು ದಿನಾಂಕಕ್ಕೆ ನಿಲ್ಲಿಸಿ, ಆನಂತರ ಹುಟ್ಟಿದ ವೈರಸ್ಸುಗಳನ್ನು ಅವುಗಳ ಮುಂದೆ ಇಟ್ಟಿತು. ಹಳೆಯ ವೈರಸ್ಸುಗಳಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಹಿಡಿದ ಕೆಲವು ಪ್ರೋಗ್ರಾಂಗಳು ಹೊಸದರಲ್ಲಿ ಅರ್ಧವನ್ನೂ ಹಿಡಿಯಲಿಲ್ಲ. ಜಾಹೀರಾತಿನ ದೊಡ್ಡ ಅಂಕಿಯನ್ನು ನೋಡಿದಾಗ "ಇದು ಯಾವ ಪರೀಕ್ಷೆಯ ಅಂಕ?" ಎಂದು ಕೇಳಬೇಕಾದದ್ದು ಇದಕ್ಕಾಗಿಯೇ.

ಹಾಗೆಂದು ಅತಿ ಸಂಶಯವೂ ಒಳ್ಳೆಯದಲ್ಲ. ಸುಳ್ಳು ದೂರಿನಿಂದ ನಿರಪರಾಧಿಯೂ ಜೈಲು ಸೇರಬಹುದು. 2010ರ ಏಪ್ರಿಲ್ 21ರಂದು ಮ್ಯಾಕಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಅಗತ್ಯ ಫೈಲನ್ನೇ ವೈರಸ್ಸೆಂದು ತಿಳಿಯಿತು. ಸಾವಿರಾರು ಕಂಪ್ಯೂಟರುಗಳು ನಿಂತುಹೋದವು. ಆದ್ದರಿಂದ ಒಳ್ಳೆಯ ಪರೀಕ್ಷೆಯು ಎಷ್ಟು ಹಿಡಿಯಿತೆಂಬುದರ ಜೊತೆಗೆ, ತಪ್ಪಾಗಿ ಎಷ್ಟನ್ನು ಹಿಡಿಯಿತೆಂದೂ ಲೆಕ್ಕ ಇಡುತ್ತದೆ.

2017ರ ಮೇ 12ರಂದು ಹರಡಿದ 'ವನ್ನಾಕ್ರೈ' ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಸುಳಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು, ಉದಾಸೀನ ಮಾಡಿದವರು ಸಿಕ್ಕಿಬಿದ್ದರು. ವೈರಸ್ ಹೊಸದಾಗಿದ್ದರೂ ಬಾಗಿಲು ಹಳೆಯದೇ ಆಗಿತ್ತು.

ಆದುದರಿಂದ ಆಂಟಿವೈರಸ್ ಇರಲಿ, ಅಪ್‌ಡೇಟ್ ತಪ್ಪದಿರಲಿ. ಅದರ ಜೊತೆಗೆ ನಿಮ್ಮ ಅಂಕಪಟ್ಟಿ, ಪ್ರಾಜೆಕ್ಟ್, ಸ್ಕಾಲರ್‌ಶಿಪ್ ಕಾಗದಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಡಿ. ಕಾವಲುಗಾರ ಎಷ್ಟೇ ಚುರುಕಾಗಿದ್ದರೂ ಕದ ಹಾಕಿಕೊಳ್ಳುವುದು ಮನೆಯವರ ಕೆಲಸವೇ ಅಲ್ಲವೇ?