ಮಿಸೆಸ್ ಬೀಟನ್ ಅವ್ರ ಸ್ವಂತ ಹೆಸರು

ಇಂಗ್ಲೆಂಡಿನ ಅಡಗಿ ಪುಸ್ತಕಗಳೊಳಗ ಎಲ್ಲಾಕ್ಕಿಂತ ಹೆಸರುವಾಸಿ ಅಂದ್ರ ಮಿಸೆಸ್ ಬೀಟನ್ ಅವ್ರದು. 1861ರಾಗ ಬಂತು, ಸಾವಿರಕ್ಕಿಂತ ಹೆಚ್ಚು ಪುಟ. ಬರೇ ಅಡಗಿ ಅಲ್ಲ, ಆಳುಗಳ ಕಡಿಂದ ಹ್ಯಾಂಗ ಕೆಲಸ ತಗೋಬೇಕು, ಕೂಸಿಗೆ ಆರಾಮ ಇಲ್ಲಂದ್ರ ಏನು ಮಾಡ್ಬೇಕು, ಎಲ್ಲಾ ಅದರಾಗ ಅದ. ಆ ಹೆಸರು ಕೇಳಿದ ಕೂಡ್ಲೆ ಅರವತ್ತು ದಾಟಿದ, ಸೊಂಟಕ್ಕ ಕೀಲಿಗೊಂಚಲ ಸಿಗಿಸಿದ ಯಜಮಾನಿ ಕಣ್ಣ ಮುಂದ ಬರ್ತಾಳ. ಖರೆ ಹೇಳ್ಬೇಕಂದ್ರ ಪುಸ್ತಕ ಬಂದಾಗ ಅಕಿಗೆ ಬರೇ 25 ವರ್ಷ. 28ಕ್ಕ ನಾಲ್ಕನೇ ಬಾಣಂತನದಾಗ ತೀರ್ಕೊಂಡ್ಲು. ಅಕಿ ಹೆಸರು ಇಸಾಬೆಲ್ಲಾ, ತವರುಮನಿ ಅಡ್ಡಹೆಸರು ಮೇಸನ್. ಬೀಟನ್ ಅನ್ನೋದು ಗಂಡನ ಹೆಸರು, ಪುಸ್ತಕ ಛಾಪಿಸಿದಂವನೂ ಅವನ. ಪುಸ್ತಕ ನೂರೈವತ್ತು ವರ್ಷ ದಾಟಿ ಬಾಳ್ತು, ಇಸಾಬೆಲ್ಲಾ ಅಂತ ಒಬ್ಬಾಕಿ ಇದ್ದಳು ಅನ್ನೋದು ಮಾತ್ರ ಭಾಳ ಮಂದಿಗೆ ಗೊತ್ತಿಲ್ಲ.

ಹೆಂಗಸಿನ ಹೆಸರು ಹಿಂಗ ಗಂಡನ ಹೆಸರಿನ ಸೆರಗಿನಾಗ ಅಡಗಿದ್ದು ಹ್ಯಾಂಗ? ಅದನ್ನ ತಿಳ್ಕೋಬೇಕಂದ್ರ ಇಂಗ್ಲಿಷರಿಗೆ ಅಡ್ಡಹೆಸರು ಎಲ್ಲಿಂದ ಬಂತು ಅನ್ನೋದರಿಂದ ಸುರು ಮಾಡ್ಬೇಕು.

ಮೊದಲು ಅವರಿಗೆ ಅಡ್ಡಹೆಸರ ಇರಲಿಲ್ಲ. ಆಲ್ಫ್ರೆಡ್, ಗಾಡ್ವಿನ್, ಈಡಿತ್, ಹಿಂಗ ಒಬ್ಬೊಬ್ಬರಿಗೆ ಒಂದೊಂದ ಹೆಸರು. ಈಡಿತ್ ಅಂದ್ರ ಸಿರಿ ಮತ್ತ ಯುದ್ಧ, ಎರಡೂ ಸೇರಿದ ಹೆಸರು ನೋಡ್ರಿ. 1066ರಾಗ ಫ್ರಾನ್ಸ್ ಕಡಿಂದ ನಾರ್ಮನ್ನರು ಬಂದು ರಾಜ್ಯ ಗೆದ್ರು. ಗೆದ್ದವರ ಹೆಸರು ಇಡೋದು ಎಲ್ಲಾ ಕಾಲಕ್ಕೂ ಇದ್ದದ್ದ. ವಿಲಿಯಂ, ರಿಚರ್ಡ್, ರಾಬರ್ಟ್, ಅವರ ಜೋಡಿ ಚರ್ಚಿನ ಜಾನ್, ಥಾಮಸ್, ಇಷ್ಟರೊಳಗ ಅರ್ಧಕ್ಕಿಂತ ಹೆಚ್ಚು ಗಂಡಸರು ಮುಗದುಹೋದ್ರು. ಒಂದ ಊರಾಗ ಹತ್ತು ಜಾನ್ ಇದ್ರ ಯಾವ ಜಾನ್ ಅಂತ ಕರೀಬೇಕು? ನಾವು ಬಾವಿಕಟ್ಟಿ ಸಾವಿತ್ರಿ, ಪೋಸ್ಟ್ ಆಫೀಸ್ ಸಾವಿತ್ರಿ ಅನ್ನೂಹಂಗ ಅವರೂ ಗುಡ್ಡದ ಜಾನ್, ಕುಳ್ಳ ಜಾನ್, ಕಮ್ಮಾರ ಜಾನ್ ಅಂದ್ರು. ಕಂದಾಯ ಬರಕೊಳ್ಳಾವ್ರಿಗೆ, ಹೊಲ-ಮನಿ ಪಾಲು ಮಾಡಾವ್ರಿಗೆ ಅದು ಅನುಕೂಲ ಆತು. ಸುರುವಿಗೆ ಆ ಹೆಸರು ಅವನ ಜೋಡಿನ ಸಾಯ್ತಿತ್ತು. 1400ರ ಸುಮಾರಿಗೆ ಅಪ್ಪನಿಂದ ಮಗನಿಗೆ ಇಳೀಲಿಕ್ಕೆ ಹತ್ತಿತ್ತು, ಕುಲುಮಿ ಮುಟ್ಟದಾಂವನೂ ಸ್ಮಿತ್ ಆಗಿ ಉಳದ. ನಮ್ಮ ಕಡೆ ಹೊಲ ನೋಡದಿದ್ರೂ ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರು ಇರ್ತಾವಲ್ಲಾ, ಹಂಗ. ನಮ್ಮ ಬಡಿಗೇರ ಅವರ ಕಾರ್ಪೆಂಟರ್, ನಮ್ಮ ಕುಂಬಾರ ಅವರ ಪಾಟರ್. ಹ್ಯಾರಿ ಪಾಟರ್ ಅಂದ್ರ ಕುಂಬಾರರ ಹ್ಯಾರಿ!

ಇದರಾಗ ನನಗ ಭಾಳ ಖುಷಿ ಕೊಟ್ಟದ್ದು ಒಂದು ಬಾಲ. ನಮ್ಮ ಮಾತಿನಾಗ ಸೂಲಗಿತ್ತಿ, ಹೂವಾಡಗಿತ್ತಿ ಅಂತ ‘ಗಿತ್ತಿ’ ಹಚ್ಚಿದ್ರ ಕೆಲಸ ಮಾಡಾಕಿ ಹೆಂಗಸು ಅಂತ ತಿಳೀತದ. ಹಳೇ ಇಂಗ್ಲಿಷ್‌ದಾಗ ಹಂಗ ‘ಸ್ಟರ್’ ಹಚ್ಚತಿದ್ರು. ಬೇಕರ್ ಅಂದ್ರ ರೊಟ್ಟಿ ಸುಡಾಂವ, ಬ್ಯಾಕ್ಸ್‌ಟರ್ ಅಂದ್ರ ರೊಟ್ಟಿ ಸುಡಾಕಿ. ವೆಬ್‌ಸ್ಟರ್ ಅಂದ್ರ ನೇಯಾಕಿ. ಬ್ರೂಸ್ಟರ್ ಅಂದ್ರ ಬಿಯರ್ ಕಾಸಾಕಿ. ಆ ಕಾಲಕ್ಕ ಬಿಯರ್ ಮಾಡಿ ಮಾರೋದು ಬಹುತೇಕ ಹೆಂಗಸರ ಕೈಕೆಲಸ ಆಗಿತ್ತು. ಆಮ್ಯಾಲೆ ಗಂಡಸರಿಗೂ ಆ ಮಾತು ಅಂದ್ರು, ಅರ್ಥ ಮಾಸಿಹೋತು, ಹಿಂಗಾಗಿ ಎಲ್ಲಾ ವೆಬ್‌ಸ್ಟರ್ ಮಂದಿ ಮೂಲದಾಗ ಹೆಣ್ಣುಮಗಳ ಇದ್ದಳು ಅಂತ ಹೇಳಾಕ ಬರೂದಿಲ್ಲ. ಆದ್ರ ಮಾತು ಹುಟ್ಟಿದ್ದು ಹೆಂಗಸಿನ ದುಡಿಮಿಂದ. ನಮ್ಮಲ್ಲೆ ಯಾವ ಗಂಡಸರ ‘ಸೂಲಗಿತ್ತಿ’ ಅಂತ ಅಡ್ಡಹೆಸರು ಇಟ್ಕೊಂಡು ಠೀವಿಲೆ ಸಹಿ ಮಾಡ್ತಾನೇನು? ಅಲ್ಲೆ ದೊಡ್ಡ ಶಬ್ದಕೋಶ ಬರದ ನೋವಾ ವೆಬ್‌ಸ್ಟರ್ ಹೆಸರಿನ್ಯಾಗ ಮಗ್ಗದ ಮುಂದ ಕೂತಾಕಿ ಅದಾಳ.

ತಾಯಿ ಹೆಸರಿನ ಮ್ಯಾಲೂ ಮನೆತನ ನಡದಾವ. ಜಾನ್ಸನ್ ಅಂದ್ರ ಜಾನನ ಮಗ, ಅದು ಎಲ್ಲಾರಿಗೂ ಗೊತ್ತು. ಇಸಾಬೆಲ್ಲಿಗೆ ಪ್ರೀತಿಲೆ ಇಬ್ಬಟ್ ಅಂತಿದ್ರು, ಅಕಿ ಮಗ ಇಬ್ಬಟ್ಸನ್. ಮಟಿಲ್ಡಾಗ ಟಿಲ್ಲಟ್, ಅಕಿ ಮಗ ಟಿಲ್ಲಟ್ಸನ್. ದೊಡ್ಡ ದೊಡ್ಡ ಊರಾಗ ಹೋಟೆಲ್ ಮ್ಯಾಲೆ ಮ್ಯಾರಿಯಟ್ ಅಂತ ಬೋರ್ಡ್ ನೋಡೀರೇನು? ಅದು ಮೇರಿ ಅನ್ನೋ ಹೆಸರಿನ ಮುದ್ದಿನ ರೂಪ. ಇಂಥಾ ಹೆಸರು ಕೇಳಿದ್ರ ಜನ ಅಪ್ಪ ಗೊತ್ತಿಲ್ಲದ ಕೂಸು ಅಂತ ಮೂಗು ಮುರೀತಾರ. ಬರೇ ಹಂಗಲ್ಲ. ಗಂಡ ಸತ್ತ ಮ್ಯಾಲೆ ಮನಿತನ ನಡಿಸಿದಾಕಿ, ತವರಿಂದ ಹೊಲ ತಂದಾಕಿ ಇದ್ರ ಊರ ಮಂದಿ ಮಕ್ಕಳನ್ನ ಅಕಿ ಹೆಸರಿನಿಂದನ ಗುರುತು ಹಿಡೀತಿದ್ರು.

ಇಷ್ಟಿದ್ದ ಮ್ಯಾಲೆ ಗಂಡನ ಹೆಸರು ಹ್ಯಾಂಗ ಗಟ್ಟಿ ಆತು? ಅಡ್ಡಹೆಸರು ಮನೆತನದ ಸ್ವತ್ತು ಆದಕೂಡ್ಲೆ ಹೆಂಡತಿನೂ ಅದರೊಳಗ ಸೇರಿದ್ಲು. ಆದ್ರ ಇದು ಜಗತ್ತಿನಾಗ ಎಲ್ಲಾ ಕಡೆ ಇದ್ದ ಪದ್ಧತಿ ಅಲ್ಲ. ವಿಲಿಯಂ ಕ್ಯಾಮ್ಡನ್ ಅನ್ನೋ ಪಂಡಿತ 1605ರಾಗ ಹೆಸರುಗಳ ಬಗ್ಗೆ ಬರೀತಾ, ನಮ್ಮಲ್ಲೆ ಹೆಂಗಸರು ಗಂಡನ ಹೆಸರು ತಗೋತಾರ, ಫ್ರಾನ್ಸ್ ಕಡೆ ದೊಡ್ಡ ಮನಿಯವರು ತಮ್ಮದೂ ಇಟ್ಕೋತಾರ ಅಂತ ಹೇಳ್ಯಾನ. ಅಷ್ಟ ದೂರ ಯಾಕ, ಬಾಜೂ ಸ್ಕಾಟ್ಲೆಂಡಿನಾಗ ಹಳೇ ಗೋರಿಕಲ್ಲಿನ ಮ್ಯಾಲೆ ಹೆಂಡತಿ ತವರಿನ ಹೆಸರ ಇರ್ತದ. ಇಂಗ್ಲೆಂಡಿನಾಗ ಹೆಸರಿನ ಜೋಡಿ ಕಾಯದೆನೂ ಕೂಡಿತ್ತು. 1765ರಾಗ ಬ್ಲ್ಯಾಕ್‌ಸ್ಟೋನ್ ಅನ್ನೋ ಕಾಯದೆ ಪಂಡಿತ ಬರದದ್ದು ಏನಂದ್ರ, ಲಗ್ನ ಆದ ಮ್ಯಾಲೆ ಗಂಡ-ಹೆಂಡತಿ ಕಾಯದೆ ಮುಂದ ಒಬ್ಬರ. ಆ ಒಬ್ಬರು ಯಾರು ಅಂತ ನಾ ಬ್ಯಾರೆ ಹೇಳ್ಬೇಕಾಗಿಲ್ಲ! ಅಕಿ ದುಡದ ಪಗಾರ, ಅಕಿ ತಂದ ರೊಕ್ಕ ಎಲ್ಲಾ ಅವಂದು. 1870 ಮತ್ತ 1882ರ ಕಾಯದೆ ಬಂದ ಮ್ಯಾಲೇನ ಅದು ಬದಲಾತು. ಹೆಸರು ಬದಲಿಸಲೇಬೇಕು ಅಂತ ಮಾತ್ರ ಇಂಗ್ಲೆಂಡಿನಾಗ ಕಾಯದೆ ಇಲ್ಲ, ಅದು ಬರೇ ರೂಢಿ.

ನಮ್ಮದೇನು ಕಡಿಮಿ ಅಲ್ರೀ. ಅವರು ಹಿಂದಿನ ಹೆಸರು ಕಿತ್ಕೊಂಡ್ರ ನಮ್ಮಲ್ಲೆ ಅಕ್ಕಿ ಮ್ಯಾಲೆ ಉಂಗುರಲೆ ಬರದು ಮುಂದಿನ ಹೆಸರೂ ಬದಲಿಸ್ತಿದ್ರು. ನಂದೂ ಬದಲಾಗ್ಯದ. ಈಗ ತಂಗಿ ಮಗಳು ಮದುವ್ಯಾದ ಮ್ಯಾಲೆ ಪಾಸ್‌ಪೋರ್ಟಿನಾಗ ತವರಿನ ಹೆಸರ ಇರ್ಲಿ ಅಂದದ್ದಕ್ಕ ಮನ್ಯಾಗ ದೊಡ್ಡವರು ‘ಇಂಗ್ಲಿಷ್ ಕಲ್ತವರ ಹಟ’ ಅಂತ ಸಿಟ್ಟಿಗೆದ್ದಾರ. ಇಂಗ್ಲಿಷರೇ ಗಂಡನ ಹೆಸರಿನ ದೊಡ್ಡ ಭಕ್ತರಾಗಿದ್ರು ಅಂತ ಅವರಿಗೆ ಯಾರು ಹೇಳ್ಬೇಕು.

ಇನ್ನ ‘ಮಿಸೆಸ್’ ಕಥಿ. ಮಿಸೆಸ್, ಮಿಸ್ ಎರಡೂ ‘ಮಿಸ್ಟ್ರೆಸ್’ ಅನ್ನೋ ಒಂದ ಮಾತಿನ ಮಕ್ಕಳು. ಮಿಸ್ಟ್ರೆಸ್ ಅಂದ್ರ ಯಜಮಾನಿ, ಲಗ್ನದ ಮಾತ ಅದರಾಗ ಇಲ್ಲ. ಹದಿನೆಂಟನೇ ಶತಮಾನದಾಗ ಲಗ್ನ ಆಗದ ಮಾನಸ್ಥ ಹೆಂಗಸರಿಗೂ ಮಿಸೆಸ್ ಅಂತಿದ್ರು. ಎಲಿಜಬೆತ್ ಕಾರ್ಟರ್ ಅಂತ ಒಬ್ಬಾಕಿ ಇದ್ಲು, ಲಗ್ನ ಆಗಲಿಲ್ಲ, ಎಪಿಕ್ಟೀಟಸ್ ಅನ್ನೋ ಗ್ರೀಕ್ ತತ್ವಜ್ಞಾನಿನ್ನ ಇಂಗ್ಲಿಷಿಗೆ ತಂದ್ಲು. ಅಕಿಗೂ ಮಿಸೆಸ್ ಕಾರ್ಟರ್ ಅಂತನ ಕರೀತಿದ್ರು. ಸ್ಯಾಮ್ಯುಯೆಲ್ ಜಾನ್ಸನ್ ಅಕಿನ್ನ ಹೊಗಳಿದ್ದು, ಗ್ರೀಕ್ ಅನುವಾದ ಮಾಡಿದಷ್ಟ ಛಲೋ ಪುಡಿಂಗೂ ಮಾಡ್ತಾಳ ಅಂತ! ಎಲ್ಲಾ ಊರಾಗೂ ಅಡಗಿಮನಿಗೇ ಬಂದು ನಿಲ್ತದ ಮಾತು. ದೊಡ್ಡ ಬಂಗಲೆದಾಗ ಅಡಗಿ ಮಾಡಾಕಿಗೂ ಲಗ್ನ ಆಗಿರ್ಲಿ ಬಿಡ್ಲಿ ಮಿಸೆಸ್ ಅಂತಿದ್ರು, ಯಾಕಂದ್ರ ಆ ಒಲಿಗೆ ಅಕಿ ಯಜಮಾನಿ.

ಗಂಡನ ಪೂರ್ತಿ ಹೆಸರು ಹಚ್ಚಿ ‘ಮಿಸೆಸ್ ಜಾನ್ ಇಂಥವರು’ ಅನ್ನೋದು ಸುಮಾರು 1800ರ ಹೊತ್ತಿಗೆ ಬಳಕಿಗೆ ಬಂತು. 1811ರಾಗ ಪ್ರಕಟ ಆದ ಜೇನ್ ಆಸ್ಟೆನ್ ಕಾದಂಬರಿಯೊಳಗ ಮಿಸೆಸ್ ಜಾನ್ ಡ್ಯಾಶ್‌ವುಡ್ ಅಂತ ಬರ್ತಾಳ. ಎದುರಿಗೆ ನಿಂತಾಕಿ ಹೆಂಗಸು, ಕರಿಯೋದು ಜಾನ್! ಅಕ್ಕ-ತಂಗೇರೊಳಗೂ ಲೆಕ್ಕ ಇತ್ತು. ಹಿರೇ ಮಗಳಿಗಷ್ಟ ಅಡ್ಡಹೆಸರು ಹಚ್ಚಿ ‘ಮಿಸ್ ಬೆನೆಟ್’ ಅನ್ನೋದು, ತಂಗೇರು ಮಿಸ್ ಎಲಿಜಬೆತ್, ಮಿಸ್ ಮೇರಿ. ಅಕ್ಕನ ಲಗ್ನ ಆದಮ್ಯಾಲೆ ಆ ಪಟ್ಟ ತಂಗಿಗೆ.

ಅಮೇರಿಕಾದಾಗ ಲೂಸಿ ಸ್ಟೋನ್ 1855ರಾಗ ಲಗ್ನ ಆದ್ರೂ ಸ್ಟೋನ್ ಆಗೇ ಉಳದ್ಲು. 1879ರಾಗ ಅವರ ರಾಜ್ಯದಾಗ ಸಾಲಿ ಕಮಿಟಿ ಚುನಾವಣಿಗೆ ಹೆಂಗಸರಿಗೂ ಮತ ಸಿಕ್ತು. ಗಂಡನ ಹೆಸರು ಹಚ್ಚಿದ್ರಷ್ಟ ಪಟ್ಟಿಯೊಳಗ ಸೇರಿಸ್ತೀವಿ ಅಂದ್ರು. ಜನ್ಮವೆಲ್ಲಾ ಮತದ ಹಕ್ಕಿಗೆ ಓಡಾಡಿದಾಕಿ, ಹೆಸರು ಬಿಡಲಿಲ್ಲ, ಮತ ಬಿಟ್ಲು. ಲಗ್ನದ ಸುದ್ದಿ ಹೇಳದ ‘ಮಿಜ್’ ಅನ್ನೋ ಮಾತನ್ನ 1901ರಾಗ ಅದೇ ರಾಜ್ಯದ ಪತ್ರಿಕಿ ಒಂದು ಸೂಚಿಸಿತ್ತು, ನ್ಯೂಯಾರ್ಕ್ ಟೈಮ್ಸ್ ಅದನ್ನ ಒಪ್ಪಿದ್ದು 1986ಕ್ಕ.

ಇಂಗ್ಲೆಂಡಿನ ಲಗ್ನದ ರಿಜಿಸ್ಟರಿನಾಗ ಕುಮಾರಿಗೆ ‘ಸ್ಪಿನ್‌ಸ್ಟರ್’ ಅಂತ ಬರೀತಿದ್ರು, ಅಂದ್ರ ನೂಲು ತಗ್ಯಾಕಿ, ಅದೇ ನಮ್ಮ ಗಿತ್ತಿ. 2005ರಾಗ ಅದನ್ನ ತಗದ್ರು. ಅದೇ ಸರ್ಟಿಫಿಕೇಟಿನ್ಯಾಗ 1837ರಿಂದ ಮದುಮಗನ ಅಪ್ಪ, ಮದುಮಗಳ ಅಪ್ಪ ಅಂತ ಎರಡ ಖಾನೆ ಇದ್ದವು. ತಾಯಿ ಹೆಸರು ಬರೀಲಿಕ್ಕೆ ಜಾಗ ಮಾಡಿದ್ದು 2021ರ ಮೇ ತಿಂಗಳದಾಗ.