ಮೆಣಸಿನಕಾಯಿಯ ಹೆಸರೂ ಬ್ಯಾಡಗಿಯ ಕೆಂಪೂ

ಅಮೆರಿಕಾ ಖಂಡದ ಮೆಣಸಿನಕಾಯಿಯು 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದಿತು. ಕನ್ನಡಿಗರು ತಮಗೆ ಪೂರ್ವಪರಿಚಿತವಾಗಿದ್ದ ಮೆಣಸಿನ ಹೆಸರನ್ನೇ ಅದಕ್ಕೆ ಸೇರಿಸಿಕೊಂಡುದರಿಂದ, ಖಾರವೇ ಅದರ ಮುಖ್ಯಲಕ್ಷಣವೆಂದು ಎಣಿಸಲ್ಪಟ್ಟಿತೆಂಬುದು ಸ್ಪಷ್ಟವಾಗುವುದು. ಆದರೆ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರನ್ನು ಹೊತ್ತ ಸುಕ್ಕುಗಾಯಿಯು ಖಾರದಲ್ಲಿ ಅಲ್ಪವಾದುದು. ಅದರ ಕೀರ್ತಿಗೆ ಬಣ್ಣವೇ ಕಾರಣ. ಆ ಕೆಂಪಿನ ಪ್ರಧಾನದ್ರವ್ಯವಾದ ಕ್ಯಾಪ್ಸಾಂಥಿನ್ ಎಂಬ ಕೆರೋಟಿನಾಯ್ಡನ್ನು 1927ರಲ್ಲಿ ಹಂಗೆರಿಯ ಝೆಕ್‌ಮೈಸ್ಟರ್ ಮತ್ತು ಚೊಲ್ನೊಕಿ ಎಂಬ ವಿದ್ವಾಂಸರು ಕೆಂಪು ಮೆಣಸಿನಕಾಯಿಯಿಂದ ಬೇರ್ಪಡಿಸಿದರು. ಉತ್ಕರ್ಷಣವನ್ನು ತಡೆಯುವ ಗುಣವೂ ಈ ದ್ರವ್ಯಕ್ಕುಂಟು. ಬ್ಯಾಡಗಿಯ ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಸಾರವು ಆಹಾರಪದಾರ್ಥಗಳಿಗೂ ತುಟಿರಂಗಿಗೂ ಬಣ್ಣವನ್ನೀಯುತ್ತದೆ. 2011ರಲ್ಲಿ ಈ ತಳಿಗೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆಯಿತು. ಆದುದರಿಂದ ಪದದ ವ್ಯುತ್ಪತ್ತಿಯು ವಸ್ತುವಿನ ಅಂದಿನ ಉಪಯೋಗವನ್ನು ತಿಳಿಸೀತೇ ಹೊರತು ಇಂದಿನ ಬೆಲೆಯನ್ನಲ್ಲ.