ಓದಿ ತಿಳಿಯುವುದನ್ನು ಕಲಿಸುವ ಬಗೆ: ಒಂದು ಶತಮಾನದ ಹುಡುಕಾಟ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಡೊಲೊರೆಸ್ ಡರ್ಕಿನ್ 1970ರ ದಶಕದ ಕೊನೆಯಲ್ಲಿ ನಾಲ್ಕನೇ ತರಗತಿಯ ಓದಿನ ಪಾಠಗಳನ್ನು ತರಗತಿಯಲ್ಲೇ ಕುಳಿತು ಗಮನಿಸಿ, ನಿಮಿಷ ನಿಮಿಷದ ಲೆಕ್ಕ ಬರೆದಿಟ್ಟರು. ಒಟ್ಟು 4,469 ನಿಮಿಷಗಳಲ್ಲಿ, ಓದಿದ್ದನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಶಿಕ್ಷಕರು ಹೇಳಿಕೊಟ್ಟದ್ದು ಬರೀ 20 ನಿಮಿಷ. ಉಳಿದ ಹೊತ್ತಿನಲ್ಲಿ ಪಾಠವೇನೂ ನಿಂತಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದರು, ಉತ್ತರ ಸರಿಯೋ ತಪ್ಪೋ ಹೇಳುತ್ತಿದ್ದರು, ಅಭ್ಯಾಸದ ಹಾಳೆ ತುಂಬಿಸುತ್ತಿದ್ದರು. ಅಂದರೆ ಮಗುವಿಗೆ ತಿಳಿದಿದೆಯೇ ಎಂದು ಪರೀಕ್ಷೆ ಮಾಡುವುದನ್ನೇ ಕಲಿಸುವುದು ಎಂದುಕೊಂಡಿದ್ದರು. ಓದಿನ ಶಿಕ್ಷಣದ ಚರಿತ್ರೆಯಲ್ಲಿ ಇಷ್ಟು ಸರಳವಾದ, ಇಷ್ಟು ನಾಟುವ ಅಧ್ಯಯನ ಇನ್ನೊಂದಿಲ್ಲ ಎಂದು ನನ್ನ ಭಾವನೆ. ಓದಿದ್ದು ತಿಳಿಯುವಂತೆ ಕಲಿಸುವುದರ ಬಗ್ಗೆ ಆಮೇಲೆ ನಡೆದ ಬಹುಪಾಲು ಕೆಲಸದ ಹಿಂದೆ ಈ 20 ನಿಮಿಷಗಳ ಲೆಕ್ಕವಿದೆ.

ಹಾಗೆಂದು ಓದುವಾಗ ತಲೆಯೊಳಗೆ ಏನು ನಡೆಯುತ್ತದೆ ಎಂದು ಅದಕ್ಕೂ ಮೊದಲು ಯಾರೂ ಯೋಚಿಸಿರಲಿಲ್ಲ ಎಂದಲ್ಲ. 1917ರಲ್ಲೇ ಎಡ್ವರ್ಡ್ ಥಾರ್ನ್‌ಡೈಕ್ ಶಾಲಾಮಕ್ಕಳಿಗೆ ಒಂದು ಪ್ಯಾರಾ ಕೊಟ್ಟು, ಅದರ ಮೇಲೆ ಪ್ರಶ್ನೆ ಕೇಳಿ, ಅವರು ಬರೆದ ತಪ್ಪು ಉತ್ತರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದರು. ಯಾವ ದಿನ ಶಾಲೆಗೆ ಬರಲೇಬೇಕು, ಯಾವಾಗ ಬಾರದಿದ್ದರೂ ನಡೆಯುತ್ತದೆ ಎಂಬ ನಿಯಮವಷ್ಟೇ ಆ ಪ್ಯಾರಾದಲ್ಲಿತ್ತು. ಪದಗಳೆಲ್ಲ ಮಕ್ಕಳಿಗೆ ಗೊತ್ತಿದ್ದವೇ. ಆದರೂ ಉತ್ತರಗಳು ಎಲ್ಲೆಲ್ಲಿಗೋ ಹೋಗಿದ್ದವು. ಯಾವುದೋ ಒಂದು ಪದ ಮಗುವಿನ ಮನಸ್ಸಿನಲ್ಲಿ ಅತಿಯಾಗಿ ಹಿಗ್ಗಿ ಉತ್ತರವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ; ‘ಹೊರತು’, ‘ಅಥವಾ’ದಂಥ ಪುಟ್ಟ ಪದಗಳಿಗೆ ಸಿಗಬೇಕಾದ ತೂಕ ಸಿಗುವುದಿಲ್ಲ. ಪ್ಯಾರಾ ಓದುವುದೆಂದರೆ ಗಣಿತದ ಲೆಕ್ಕ ಬಿಡಿಸಿದ ಹಾಗೆ, ಅದು ಪೂರ್ತಿ ಯೋಚನೆಯ ಕೆಲಸ ಎಂದರು ಥಾರ್ನ್‌ಡೈಕ್. ಮಾತು ದೊಡ್ಡದು, ಆದರೆ ತರಗತಿಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಅರ್ಧ ಶತಮಾನದಲ್ಲಿ ಹೇಳಿಕೊಳ್ಳುವಂಥ ಪ್ರಾಯೋಗಿಕ ಹೆಜ್ಜೆ ಎಂದರೆ 1946ರಲ್ಲಿ ಒಹಾಯೊದ ಫ್ರಾನ್ಸಿಸ್ ರಾಬಿನ್ಸನ್ ಕಾಲೇಜು ವಿದ್ಯಾರ್ಥಿಗಳಿಗೆಂದು ಕೊಟ್ಟ ಐದು ಹಂತಗಳ ಕ್ರಮ: ಮೊದಲು ಕಣ್ಣಾಡಿಸು, ಪ್ರಶ್ನೆ ಹಾಕಿಕೋ, ಓದು, ಪುಸ್ತಕ ನೋಡದೆ ಹೇಳಿಕೋ, ಮತ್ತೆ ಪರಿಶೀಲಿಸು. ಪರೀಕ್ಷೆಗೆ ಓದುವವರಿಗೆ ಇಂದಿಗೂ ಅದನ್ನು ಹೇಳಿಕೊಡುತ್ತಾರೆ.

ನಿಜವಾದ ತಿರುವು ಬಂದದ್ದು 1970ರ ದಶಕದಲ್ಲಿ. 1972ರಲ್ಲಿ ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ ಒಂದು ಪ್ಯಾರಾವನ್ನು ಜನರಿಗೆ ಓದಿ ಹೇಳಿದರು. ವಸ್ತುಗಳನ್ನು ಗುಂಪು ಮಾಡಿಕೊಳ್ಳಿ, ಒಮ್ಮೆಗೇ ಹೆಚ್ಚು ಹಾಕಬೇಡಿ, ಮುಗಿದ ಮೇಲೆ ಮತ್ತೆ ವಿಂಗಡಿಸಿ ಎಂಬ ಧಾಟಿಯ ಮಾತುಗಳು. ಕಷ್ಟದ ಪದ ಒಂದೂ ಇಲ್ಲ, ಆದರೂ ಕೇಳಿದವರಿಗೆ ತಲೆಬುಡ ತಿಳಿಯಲಿಲ್ಲ. ಇದು ಬಟ್ಟೆ ಒಗೆಯುವುದರ ಬಗ್ಗೆ ಎಂದು ಮೊದಲೇ ತಿಳಿದವರು ಮಾತ್ರ ಉಳಿದವರಿಗಿಂತ ಸುಮಾರು ಎರಡು ಪಟ್ಟು ವಿಷಯ ನೆನಪಿಟ್ಟುಕೊಂಡರು. ಕೇಳಿ ಮುಗಿದ ಮೇಲೆ ವಿಷಯ ತಿಳಿದವರಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಅರ್ಥವೆಂಬುದು ಪುಟದ ಮೇಲೆ ಪೂರ್ತಿಯಾಗಿ ಇರುವುದಿಲ್ಲ, ಓದುಗ ತನ್ನಲ್ಲಿರುವುದನ್ನು ಸೇರಿಸಿ ಅದನ್ನು ಕಟ್ಟಿಕೊಳ್ಳುತ್ತಾನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ. 1932ರಲ್ಲೇ ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ ನೆನಪಿನ ಬಗ್ಗೆ ಹೇಳಿದ್ದ ಇಂಥದೇ ಮಾತು ಹೀಗೆ ಓದಿನ ಅಂಗಳಕ್ಕೆ ಬಂತು.

ಕನ್ನಡದಲ್ಲಿ ಇದನ್ನು ಹೀಗೆ ನೋಡಬಹುದು. ‘ಮೃಗಶಿರಾ ಹೋಯಿತು, ಆರಿದ್ರಾನೂ ಹೋಯಿತು. ಬೀರಣ್ಣ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೊರಟ’ ಎಂಬ ಎರಡು ವಾಕ್ಯ ಇವೆ ಎನ್ನಿ. ಮಳೆ ಬರಲಿಲ್ಲ ಎಂದು ಎಲ್ಲಿಯೂ ಬರೆದಿಲ್ಲ. ಬಿತ್ತನೆಯಾಗಲಿಲ್ಲ, ಮೇವಿಲ್ಲ, ಕೈಯಲ್ಲಿ ಕಾಸಿಲ್ಲ ಎಂದೂ ಇಲ್ಲ. ಒಕ್ಕಲು ಮನೆಯ ಮಗುವಿಗೆ ಅದೆಲ್ಲವೂ ಒಂದೇ ಉಸಿರಿನಲ್ಲಿ ಗೊತ್ತಾಗುತ್ತದೆ, ಹೊಟ್ಟೆಯೂ ಚುರ್ ಎನ್ನುತ್ತದೆ. ಮಳೆ ನಕ್ಷತ್ರಗಳ ಹೆಸರೇ ಕೇಳದ ನಗರದ ಮಗು ಅಷ್ಟೇ ಸರಾಗವಾಗಿ, ಒಂದಕ್ಷರ ತಪ್ಪದೆ ಓದಿ, ‘ಬೀರಣ್ಣ ಸಂತೆಗೆ ಏಕೆ ಹೋದ?’ ಎಂದರೆ ‘ಎತ್ತುಗಳನ್ನು ಹೊಡೆದುಕೊಂಡು ಹೋದ’ ಎಂದು ಉತ್ತರ ಕೊಡುತ್ತದೆ. ಆ ಮಗುವಿಗೆ ಓದು ಬರುವುದಿಲ್ಲ ಎನ್ನಲಾಗದು, ಬರುತ್ತದೆ ಎನ್ನಲೂ ಆಗದು.

ಇನ್ನೂ ಚಿಂತೆ ಹಚ್ಚುವ ಸಂಗತಿಯೆಂದರೆ, ತನಗೆ ತಿಳಿದಿಲ್ಲ ಎಂಬುದೇ ಅನೇಕ ವೇಳೆ ಮಗುವಿಗೆ ತಿಳಿದಿರುವುದಿಲ್ಲ. ಎಲೆನ್ ಮಾರ್ಕ್‌ಮನ್ 1979ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು, ಐದು, ಆರನೇ ತರಗತಿಯ ಮಕ್ಕಳಿಗೆ ಕೇಳಿಸಿದ ಒಂದು ಬರಹ ಮೀನುಗಳ ಬಗ್ಗೆ ಇತ್ತು. ಕಡಲಿನ ತಳದಲ್ಲಿ ಬೆಳಕೇ ಇಲ್ಲ, ಅಲ್ಲಿ ಮೀನಿಗೆ ಬಣ್ಣ ಕಾಣಿಸದು ಎಂದು ಹೇಳಿದ ಬೆನ್ನಿಗೇ, ತಳದ ಕೆಲವು ಮೀನುಗಳು ಆಹಾರವನ್ನು ಅದರ ಬಣ್ಣದಿಂದ ಗುರುತಿಸುತ್ತವೆ ಎಂದಿತ್ತು. ಆರನೇ ತರಗತಿಯವರಲ್ಲೂ ಅನೇಕರು ಈ ಎಡವಟ್ಟನ್ನು ಗಮನಿಸದೆ, ಎಲ್ಲ ಸರಿಯಾಗಿದೆ ಎಂದರು. ತನ್ನ ತಿಳಿವಳಿಕೆಯ ಮೇಲೆ ತಾನೇ ಕಣ್ಣಿಡುವುದರ ಬಗ್ಗೆ ಜಾನ್ ಫ್ಲಾವೆಲ್ ಆಗ ಬರೆಯುತ್ತಿದ್ದರು. ಅದು ಕೆಲವರಿಗೆ ಹುಟ್ಟಿನಿಂದ ಬರುವ ವರವೋ ಅಥವಾ ಕಲಿಸಿದರೆ ಬರುವ ವಿದ್ಯೆಯೋ?

ಕಲಿಸಿದರೆ ಬರುತ್ತದೆ ಎಂದು ತೋರಿಸಿಕೊಟ್ಟವರು ಆನ್‌ಮರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್. 1984ರ ಅವರ ಕೆಲಸವನ್ನು ಸ್ವಲ್ಪ ನಿಂತು ನೋಡಬೇಕು. ಅವರು ಆರಿಸಿಕೊಂಡದ್ದು ಏಳನೇ ತರಗತಿಯ ಮಕ್ಕಳನ್ನು. ಅಕ್ಷರ, ಪದ ತಕ್ಕಮಟ್ಟಿಗೆ ಓದಬಲ್ಲರು, ಅರ್ಥದಲ್ಲಿ ಮಾತ್ರ ಬಹಳ ಹಿಂದೆ. ಇವರಿಗೆ ಹೇಳಿಕೊಟ್ಟದ್ದು ನಾಲ್ಕೇ ಕೆಲಸ: ಓದಿದ ಭಾಗದ ಸಾರ ಹೇಳುವುದು, ಒಬ್ಬ ಮೇಷ್ಟರು ಕೇಳಬಹುದಾದ ಪ್ರಶ್ನೆಯನ್ನು ತಾವೇ ಕಟ್ಟುವುದು, ತೊಡಕಿದ್ದಲ್ಲಿ ನಿಂತು ಬಿಡಿಸಿಕೊಳ್ಳುವುದು, ಮುಂದೆ ಏನು ಬರಬಹುದೆಂದು ಊಹಿಸುವುದು. ಮೊದಲ ದಿನಗಳಲ್ಲಿ ಶಿಕ್ಷಕಿಯೇ ಗಟ್ಟಿಯಾಗಿ ಯೋಚಿಸುತ್ತಾ ಮಾಡಿ ತೋರಿಸುತ್ತಾರೆ. ಆಮೇಲೆ ಒಂದೊಂದು ಭಾಗಕ್ಕೆ ಒಂದೊಂದು ಮಗು ಶಿಕ್ಷಕರ ಜಾಗದಲ್ಲಿ ಕುಳಿತು ಚರ್ಚೆ ನಡೆಸುತ್ತದೆ. ಮಗು ಎಡವಿದರೆ ಶಿಕ್ಷಕಿ ‘ಇಲ್ಲಿ ಹಾವಿನ ಬಗ್ಗೆ ಹೊಸದಾಗಿ ಏನು ಹೇಳಿದ್ದಾರೆ, ಅದನ್ನೇ ಪ್ರಶ್ನೆ ಮಾಡು’ ಎಂದು ಎಳೆ ಕೊಡುತ್ತಾರೆ. ದಿನ ಕಳೆದಂತೆ ಆ ನೆರವು ಕಡಿಮೆಯಾಗುತ್ತಾ ಬರುತ್ತದೆ. ಒಬ್ಬನೇ ಮಾಡಲಾಗದ್ದನ್ನು ಮಗು ಬಲ್ಲವರ ಜೊತೆಯಲ್ಲಿ ಮಾಡುತ್ತಾ ತನ್ನದಾಗಿಸಿಕೊಳ್ಳುತ್ತದೆ ಎಂಬ ರಷ್ಯದ ವೈಗಾಟ್ಸ್ಕಿಯ ವಿಚಾರ ಇದರ ಹಿಂದಿತ್ತು. ಕೆಲವೇ ವಾರಗಳಲ್ಲಿ ಈ ಮಕ್ಕಳ ಫಲಿತಾಂಶ ಏರಿತು. ಸಮಾಜ, ವಿಜ್ಞಾನ ತರಗತಿಗಳ ಓದಿನಲ್ಲೂ ಅದು ಕಾಣಿಸಿತು, ವಾರಗಳು ಕಳೆದ ಮೇಲೂ ಉಳಿಯಿತು.

ಅಲ್ಲಿಂದ ಮುಂದೆ ಸುಗ್ಗಿಯೋ ಸುಗ್ಗಿ. ಡೇವಿಡ್ ಪಿಯರ್ಸನ್ ಮತ್ತು ಮಾರ್ಗರೆಟ್ ಗ್ಯಾಲಗರ್, ಹೊಣೆಯನ್ನು ಶಿಕ್ಷಕರಿಂದ ಮಕ್ಕಳಿಗೆ ಮೆಲ್ಲಮೆಲ್ಲನೆ ದಾಟಿಸುವ ಕ್ರಮವನ್ನು 1983ರಲ್ಲೇ ವಿವರಿಸಿದ್ದರು. ಡೊನಾ ಓಗಲ್ 1986ರಲ್ಲಿ ‘ಏನು ಗೊತ್ತಿದೆ, ಏನು ತಿಳಿಯಬೇಕು, ಏನು ಕಲಿತೆ’ ಎಂಬ ಮೂರು ಕಂಬಸಾಲುಗಳ ಪಟ್ಟಿ ಕೊಟ್ಟರು. ಅಮೆರಿಕದ ಸಂಸತ್ತಿನ ಸೂಚನೆಯಂತೆ ರಚನೆಯಾದ ರಾಷ್ಟ್ರೀಯ ಓದು ಸಮಿತಿ 2000ರಲ್ಲಿ ವರದಿ ಕೊಟ್ಟಾಗ, ಗ್ರಹಿಕೆಯ ಪಾಠದ ಬಗ್ಗೆ 203 ಅಧ್ಯಯನಗಳನ್ನು ಪರಿಶೀಲಿಸಿತ್ತು. ಏಳು ಬಗೆಯ ಉಪಾಯಗಳಿಗೆ ಗಟ್ಟಿ ಆಧಾರವಿದೆ ಎಂದಿತು. ಉಪಾಯಗಳನ್ನು ಕಲಿಸಬಹುದು ಎಂಬ ವಾದ ಗೆದ್ದಿತ್ತು.

ಗೆದ್ದದ್ದೇ ಮುಳುವಾಯಿತು. ಈ ವಾರ ‘ಮುಖ್ಯಾಂಶ ಹುಡುಕು’, ಮುಂದಿನ ವಾರ ‘ಊಹಿಸು’ ಎಂದು ಉಪಾಯಗಳೇ ಪಠ್ಯಕ್ರಮವಾದವು. ಓದುವ ಬರಹದಲ್ಲಿ ಹುರುಳಿದೆಯೇ ಎಂದು ಕೇಳುವವರಿಲ್ಲವಾಯಿತು. ಎಚ್ಚರಿಕೆ ಕೊಡುವ ಸಾಕ್ಷ್ಯ ಅದಕ್ಕೂ ಮೊದಲೇ ಇತ್ತು. 1988ರಲ್ಲಿ ಡೊನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ಒಂದು ವಿವರಣೆ ಓದಲು ಕೊಟ್ಟು, ನಡೆದದ್ದನ್ನು ಗೊಂಬೆಗಳಿಂದ ಆಡಿ ತೋರಿಸಲು ಹೇಳಿದ್ದರು. ಆಟ ಬಲ್ಲ ‘ದಡ್ಡ’ ಓದುಗರು, ಆಟ ತಿಳಿಯದ ‘ಜಾಣ’ ಓದುಗರನ್ನು ಹಿಂದೆ ಹಾಕಿದರು. 1994ರಲ್ಲಿ ಬರಾಕ್ ರೋಸೆನ್‌ಶೈನ್ ಮತ್ತು ಕಾರ್ಲಾ ಮೈಸ್ಟರ್, ಪಾಲಿಂಕ್ಸರ್–ಬ್ರೌನ್ ಕ್ರಮದ 16 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಸಂಶೋಧಕರೇ ತಯಾರಿಸಿದ ಪರೀಕ್ಷೆಗಳಲ್ಲಿ ಪರಿಣಾಮದ ಪ್ರಮಾಣ 0.88 ಇದ್ದದ್ದು ಸಾರ್ವತ್ರಿಕ ಪರೀಕ್ಷೆಗಳಲ್ಲಿ 0.32ಕ್ಕೆ ಇಳಿದಿತ್ತು. ಲಾಭ ನಿಜ, ಆದರೆ ಅದಕ್ಕೆ ಮಿತಿಯಿದೆ. ಹೆಚ್ಚು ದಿನ ಕಲಿಸಿದರೆ ಹೆಚ್ಚು ಫಲ ಎಂಬುದಕ್ಕೂ ಆಧಾರ ಸಿಗಲಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ವಿಲಿಂಗ್‌ಹ್ಯಾಮ್ ಇದನ್ನೇ ಹಿಡಿದು 2006ರಲ್ಲಿ, ಉಪಾಯಗಳನ್ನು ಕಲಿಸಿ, ಬೇಗ ಕಲಿಸಿ ಮುಗಿಸಿ, ಉಳಿದ ಸಮಯವನ್ನು ವಿಷಯಕ್ಕೂ ಪದಸಂಪತ್ತಿಗೂ ಕೊಡಿ ಎಂದು ವಾದಿಸಿದರು. ಮಾರ್ಗರೆಟ್ ಮೆಕಿಯೋನ್, ಇಸಬೆಲ್ ಬೆಕ್ ಮತ್ತು ರೊನೆಟ್ ಬ್ಲೇಕ್ ಐದನೇ ತರಗತಿಗಳಲ್ಲಿ ಎರಡು ವರ್ಷ ನಡೆಸಿ 2009ರಲ್ಲಿ ಪ್ರಕಟಿಸಿದ ಹೋಲಿಕೆ ಇನ್ನೂ ನೇರವಾಗಿದೆ: ಉಪಾಯಗಳ ಹೆಸರೆತ್ತದೆ, ‘ಇಲ್ಲಿ ಏನಾಗುತ್ತಿದೆ, ಲೇಖಕರು ಏನು ಹೇಳುತ್ತಿದ್ದಾರೆ’ ಎಂದು ಬರಹದ ಬಗ್ಗೆಯೇ ಮಾತಾಡುತ್ತಾ ಓದಿದ ಮಕ್ಕಳು, ಓದಿದ್ದನ್ನು ತಿರುಗಿ ಹೇಳುವುದರಲ್ಲಿ ಉಪಾಯ ಕಲಿತವರಿಗಿಂತ ಮುಂದಿದ್ದರು.

ಈ ವಾದ ನನಗೆ ಒಪ್ಪಿಗೆ. ಆದರೆ ನಮ್ಮ ಶಾಲೆಗಳ ಬಗ್ಗೆ ಮಾತಾಡುವಾಗ ಒಂದು ಎಚ್ಚರ ಬೇಕು. ಅಲ್ಲಿಯವರು ಉಪಾಯಗಳನ್ನು ಅತಿ ಮಾಡಿ ಹಿಂದೆ ಸರಿಯುತ್ತಿದ್ದಾರೆ. ನಾವು ಬಹುಪಾಲು ಡರ್ಕಿನ್ ಕಂಡ ತರಗತಿಯಲ್ಲೇ ಇದ್ದೇವೆ. ‘ಯಾರು ಯಾರಿಗೆ ಹೇಳಿದರು’, ‘ಬಿಟ್ಟ ಸ್ಥಳ ತುಂಬಿರಿ’, ‘ಸಂದರ್ಭ ಸಹಿತ ವಿವರಿಸಿ’ ಎಂಬ ಪ್ರಶ್ನೆಗಳಿಗೆ ಗೈಡಿನಿಂದ ಬೋರ್ಡಿಗೆ, ಬೋರ್ಡಿನಿಂದ ನೋಟ್ಸಿಗೆ ಇಳಿಯುವ ಉತ್ತರಗಳೇ ಭಾಷಾಪಾಠವಾಗಿವೆ. ಕನ್ನಡ ಲಿಪಿಯ ಭಾರ ಬೇರೆ. ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಕೈವಶವಾಗಲು ಮಕ್ಕಳಿಗೆ ಮೂರು ನಾಲ್ಕು ವರ್ಷವಾದರೂ ಹಿಡಿಯುತ್ತದೆ ಎಂದು ಬೆಂಗಳೂರಿನಿಂದ ಸೋನಾಲಿ ನಾಗ್ ನಡೆಸಿದ ಅಧ್ಯಯನಗಳು ತೋರಿಸಿವೆ. ಅಕ್ಷರ ಮುಗಿದ ಮೇಲೆ ಅರ್ಥ ಎಂದು ಕಾದರೆ ನಾಲ್ಕನೇ ತರಗತಿಯೇ ಕಳೆದಿರುತ್ತದೆ. ಯಾದಗಿರಿಯಲ್ಲೂ ಮಹಾರಾಷ್ಟ್ರದ ಪಾಲ್ಘರ್‌ನಲ್ಲೂ ಶೈಲಜಾ ಮೆನನ್ ಮತ್ತು ಸಂಗಡಿಗರು ಪ್ರಾಥಮಿಕ ತರಗತಿಯ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಮಾಡಿದ ಅಧ್ಯಯನದ ಅಳಲೂ ಅದೇ: ಅಕ್ಷರಕ್ಕೆ ಸಿಕ್ಕ ಗಮನ ಅರ್ಥಕ್ಕೆ ಸಿಕ್ಕಿಲ್ಲ.

ಆದರೂ ನಮ್ಮ ಕೈ ಬರಿದಾಗಿಲ್ಲ. ಹಳಗನ್ನಡ ಪದ್ಯದ ಪಾಠದಲ್ಲಿ ಪದ ಬಿಡಿಸಿ, ಅನ್ವಯ ಮಾಡಿ, ಭಾವಾರ್ಥಕ್ಕೆ ಬರುವ ಕ್ರಮವಿದೆಯಲ್ಲ, ಅದು ಅಪ್ಪಟ ಓದಿನ ಉಪಾಯ. ಗಮಕಿ ವಾಚಿಸಿದ್ದನ್ನು ವ್ಯಾಖ್ಯಾನಕಾರರು ಬಿಡಿಸಿ ಹೇಳುವ ಗಮಕದ ಕಟ್ಟೆಯಲ್ಲಿ, ಅಕ್ಷರ ಬಾರದವರೂ ಕುಮಾರವ್ಯಾಸನನ್ನು ಅರ್ಥ ಮಾಡಿಕೊಂಡಿದ್ದಾರೆ. ನಮ್ಮ ಪಠ್ಯಪುಸ್ತಕದ ಪಾಠಗಳ ತಲೆಗೇ ಇರುವ ‘ಪ್ರವೇಶ’ದ ಉದ್ದೇಶವೂ ಬ್ರಾನ್ಸ್‌ಫರ್ಡ್ ಕಂಡುಕೊಂಡದ್ದೇ, ಅವಸರದಲ್ಲಿ ಅದನ್ನು ಬಿಟ್ಟು ಮುಂದೆ ಹೋಗುವುದು ನಷ್ಟ. ಕೊರತೆ ಇರುವುದು ಒಂದೇ ಕಡೆ: ಅನ್ವಯವನ್ನೂ ವ್ಯಾಖ್ಯಾನವನ್ನೂ ಮೇಷ್ಟರೇ ಮಾಡುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ವ್ಯಾಖ್ಯಾನಕಾರರ ಪೀಠದಲ್ಲಿ ಮಗುವನ್ನು ಕೂರಿಸುವುದೇ ಪಾಲಿಂಕ್ಸರ್ ಮತ್ತು ಬ್ರೌನ್ ಮಾಡಿದ ಕೆಲಸ.

ಇದಕ್ಕೆ ಸರ್ಕಾರದ ಸುತ್ತೋಲೆ ಬೇಕಾಗಿಲ್ಲ, ಹೊಸ ಪುಸ್ತಕವೂ ಬೇಡ. ಒಂದನೇ ತರಗತಿಯಿಂದಲೇ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ, ಮಧ್ಯೆ ನಿಂತು ಮಾತಾಡಿಸಿ. ಮೇಲಿನ ತರಗತಿಗಳಲ್ಲಿ ಭಾಷೆಗೆ ಮಾತ್ರವಲ್ಲ, ಸಮಾಜ, ವಿಜ್ಞಾನದ ಪಾಠಗಳಿಗೂ ವಾರದಲ್ಲಿ ಒಂದು ಅವಧಿ ಗೈಡು ಮುಚ್ಚಿಡಿ. ಒಂದು ಪ್ಯಾರಾ ಓದಿ ನಿಮಗೆ ಎಲ್ಲಿ ತೊಡಕಾಯಿತು, ಹೇಗೆ ಬಿಡಿಸಿಕೊಂಡಿರಿ ಎಂದು ಮಕ್ಕಳ ಮುಂದೆ ಹೇಳಿ ತೋರಿಸಿ. ಮುಂದಿನ ಪ್ಯಾರಾವನ್ನು ಅವರಿಗೆ ಬಿಟ್ಟುಕೊಡಿ. ಮೊದಲ ವಾರ ತರಗತಿ ತಡವರಿಸುತ್ತದೆ, ಪಾಠ ಹಿಂದೆ ಬೀಳುತ್ತದೆ ಎಂಬ ಭಯವೂ ಕಾಡುತ್ತದೆ. ದಯವಿಟ್ಟು ಅದನ್ನು ತಡೆದುಕೊಂಡು ಮುಂದುವರಿಸಿ.